ಹೊಟ್ಟೆಯ ಬೊಜ್ಜು, ಕರುಳಿನ ಕಾವಲು, ವಿಟಮಿನ್ ಡಿ: ಯಾವುದು ಕಾರಣ, ಯಾವುದು ಪರಿಣಾಮ?

*ಆರೋಗ್ಯ ಮಾಲಿಕೆ – ಪ್ರತಾಪ ನಗರ, ನಾಗಪುರ*



ನಾಗಪುರದಲ್ಲಿ ಇರುವವರಿಗೆ ಬಿಸಿಲಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳಲ್ಲಿ ತಾಪಮಾನ 45 ಡಿಗ್ರಿ ದಾಟುವ ಊರು ಇದು. ಆದರೂ ರಕ್ತಪರೀಕ್ಷೆಯ ರಿಪೋರ್ಟ್ ಕೈಗೆ ಬಂದಾಗ ನಮ್ಮಲ್ಲಿ ಅನೇಕರಿಗೆ ವಿಟಮಿನ್ ಡಿ ಕಡಿಮೆ ಎಂದು ಕಾಣುತ್ತದೆ. ಅದೇ ರಿಪೋರ್ಟಿನಲ್ಲಿ ಸಕ್ಕರೆ ಅಂಚಿನಲ್ಲಿರುತ್ತದೆ, ಟ್ರೈಗ್ಲಿಸರೈಡ್ ಏರಿರುತ್ತದೆ. ಪ್ಯಾಂಟಿನ ಸೊಂಟ ಎರಡು ವರ್ಷಗಳಿಂದ ಬಿಗಿಯಾಗುತ್ತಲೇ ಬಂದಿರುತ್ತದೆ. ಅಷ್ಟರಲ್ಲಿ ಯಾರೋ ಒಂದು ಸಂದೇಶ ಕಳಿಸುತ್ತಾರೆ: "ವಿಟಮಿನ್ ಡಿ ಪುಡಿ ತೆಗೆದುಕೊಳ್ಳಿ, ಹೊಟ್ಟೆ ಕರಗುತ್ತದೆ, ಇಮ್ಯುನಿಟಿ ಹೆಚ್ಚುತ್ತದೆ."

ಇದು ಎಷ್ಟು ನಿಜ? ಒಂದೇ ಸಾಲಿನ ಉತ್ತರ ಬೇಕಿದ್ದರೆ ಹೀಗಿದೆ: *ಹೊಟ್ಟೆಯ ಬೊಜ್ಜು ವಿಟಮಿನ್ ಡಿಯನ್ನು ಇಳಿಸುತ್ತದೆ, ವಿಟಮಿನ್ ಡಿ ಪುಡಿ ಹೊಟ್ಟೆಯನ್ನು ಇಳಿಸುವುದಿಲ್ಲ.* ಕೊರತೆ ಇದ್ದರೆ ಅದನ್ನು ತುಂಬಿಕೊಳ್ಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಡಿಯನ್ನೇ ನಂಬಿ ಸೊಂಟದ ಅಳತೆಯನ್ನು ಮರೆತರೆ ಮೂಲ ರೋಗ ಒಳಗೊಳಗೇ ಬೆಳೆಯುತ್ತದೆ. ಇದರ ಹಿಂದಿನ ಕಾರಣವನ್ನು ಇಂದಿನ ಪಾಠದಲ್ಲಿ ಹಂತಹಂತವಾಗಿ ನೋಡೋಣ. ಸ್ವಲ್ಪ ಉದ್ದವಿದೆ, ನಿಧಾನವಾಗಿ ಓದಿ.

*1. ತೂಕದ ಯಂತ್ರ ಬಿಟ್ಟು ಟೇಪು ಹಿಡಿಯಿರಿ*

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಅವರ ಹೆಸರು ಕೇಳಿರಬಹುದು. 2004ರಲ್ಲಿ ಅವರು ಮತ್ತು ಲಂಡನ್ನಿನ ವೈದ್ಯ ಜಾನ್ ಯೂಡ್ಕಿನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚಿ, ಒಂದೇ ಆಗಿತ್ತು: 22.3. ಆದರೆ ದೇಹದ ಕೊಬ್ಬನ್ನು ಅಳೆದಾಗ ಯೂಡ್ಕಿನ್ ಅವರಲ್ಲಿ 9.1 ಶೇಕಡಾ, ಯಾಜ್ಞಿಕ್ ಅವರಲ್ಲಿ 21.2 ಶೇಕಡಾ! ನೋಡಲು ತೆಳ್ಳಗಿರುವ ಭಾರತೀಯನ ಒಳಗೆ ಎಷ್ಟು ಕೊಬ್ಬು ಅಡಗಿರಬಹುದು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ.

ಅದಕ್ಕೇ ನಮಗೆ ಅಳತೆಗೋಲು ಬೇರೆ. ಭಾರತೀಯರಿಗೆ ಬಿಎಂಐ 23 ಆದರೆ ಹೆಚ್ಚು ತೂಕ, 25 ಆದರೆ ಬೊಜ್ಜು. ಸೊಂಟದ ಸುತ್ತಳತೆ ಪುರುಷರಿಗೆ 90 ಸೆಂಟಿಮೀಟರ್, ಮಹಿಳೆಯರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರಿಕೆಯ ಗಂಟೆ.

ಐಸಿಎಂಆರ್ ನೆರವಿನಿಂದ ದೇಶದಾದ್ಯಂತ 1,13,043 ಜನರ ಮೇಲೆ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಬಿಎಂಐ ಪ್ರಕಾರ ಬೊಜ್ಜು ಇದ್ದವರು 28.6 ಶೇಕಡಾ, ಸೊಂಟದ ಅಳತೆಯ ಪ್ರಕಾರ ಹೊಟ್ಟೆ ಬೊಜ್ಜು ಇದ್ದವರು 39.5 ಶೇಕಡಾ. ಈ ಎರಡರ ನಡುವಿನ ಅಂತರ ಗಮನಿಸಿ. ತೂಕದ ಯಂತ್ರ "ಪರವಾಗಿಲ್ಲ" ಎಂದು ಹೇಳಿದ ಎಷ್ಟೋ ಜನರನ್ನು ಟೇಪು ಹಿಡಿದುಹಾಕಿದೆ.

ಅಳೆಯುವ ಕ್ರಮ: ಬರಿ ಮೈ ಮೇಲೆ, ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುವೆ ಟೇಪು ಸುತ್ತಿ. ಉಸಿರು ಸಹಜವಾಗಿ ಹೊರಬಿಟ್ಟಾಗ ಓದಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಟೇಪು ಮೋಸ ಹೋಗುತ್ತದೆ, ರೋಗ ಹೋಗುವುದಿಲ್ಲ.

*2. ಕೊಬ್ಬು ಸುಮ್ಮನೆ ಕುಳಿತಿರುವ ಸರಕಲ್ಲ*

ಬಹಳ ಕಾಲ ಕೊಬ್ಬನ್ನು ಉಗ್ರಾಣದ ಮೂಟೆಯಂತೆ ನೋಡಲಾಗುತ್ತಿತ್ತು. 1993ರಲ್ಲಿ ಗೋಖಾನ್ ಹೋತಮಿಸ್ಲಿಗಿಲ್ ಮತ್ತು ಸಂಗಡಿಗರು ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಎಂಬ ಉರಿಯೂತದ ರಾಸಾಯನಿಕ ತಯಾರಾಗುತ್ತಿರುವುದನ್ನೂ ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುವುದನ್ನೂ ತೋರಿಸಿದರು. 2003ರಲ್ಲಿ ಇನ್ನೊಂದು ವಿಷಯ ತಿಳಿಯಿತು: ಬೊಜ್ಜು ಹೆಚ್ಚಾದಂತೆ ಕೊಬ್ಬಿನೊಳಗೆ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಗುಂಪುಗೂಡುತ್ತವೆ. ಉಬ್ಬಿ ಸಾಯುತ್ತಿರುವ ಕೊಬ್ಬಿನ ಕೋಶಗಳನ್ನು ಸುತ್ತುವರಿದು ಅವು ಉರಿಯೂತದ ಸಂಕೇತಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತವೆ.

ಕಾಲಿಗೆ ಮುಳ್ಳು ಚುಚ್ಚಿದಾಗ ಕೆಂಪಾಗಿ, ಊದಿ, ನೋಯುವುದೂ ಉರಿಯೂತವೇ. ಅದು ನಾಲ್ಕು ದಿನದಲ್ಲಿ ಶಮನವಾಗುತ್ತದೆ, ದೇಹಕ್ಕೆ ಒಳ್ಳೆಯದು. ಬೊಜ್ಜಿನ ಉರಿಯೂತ ಬೂದಿ ಮುಚ್ಚಿದ ಕೆಂಡ. ನೋವಿಲ್ಲ, ಜ್ವರವಿಲ್ಲ. ವರ್ಷಗಟ್ಟಲೆ ಉರಿದು ಮಧುಮೇಹ, ಕೊಬ್ಬಿದ ಯಕೃತ್ತು, ಹೃದಯದ ರಕ್ತನಾಳದ ತೊಂದರೆಗಳಿಗೆ ದಾರಿ ಮಾಡುತ್ತದೆ.

*3. ಕರುಳಿನ ಗೋಡೆ: ಒಂದೇ ಕೋಶದ ದಪ್ಪ*

ಈಗ ಕರುಳಿಗೆ ಬರೋಣ. ನಮ್ಮ ರಕ್ಷಣಾ ಕೋಶಗಳ ಅತಿ ದೊಡ್ಡ ಪಡೆ ಇರುವುದು ಕರುಳಿನ ಸುತ್ತಲೇ. ಕಾರಣ ಸರಳ: ಹೊರಗಿನ ವಸ್ತು ದಿನವೂ ದೇಹದೊಳಗೆ ಬರುವ ಹೆಬ್ಬಾಗಿಲು ಅದೇ. ಒಂದು ಬದಿಯಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾ, ಇನ್ನೊಂದು ಬದಿಯಲ್ಲಿ ರಕ್ತ. ನಡುವಿನ ಗೋಡೆ ಒಂದೇ ಒಂದು ಕೋಶದಷ್ಟು ದಪ್ಪ! ಆ ಗೋಡೆಯ ಕಾವಲು ಹೀಗಿದೆ:

– ಮೇಲೆ ಲೋಳೆಯ ಪದರ. ಬ್ಯಾಕ್ಟೀರಿಯಾ ಗೋಡೆಗೆ ಅಂಟದಂತೆ ತಡೆಯುತ್ತದೆ.
– ಕೋಶ ಕೋಶಗಳ ನಡುವೆ ಬಿಗಿ ಬೆಸುಗೆ. ಇಟ್ಟಿಗೆಗಳ ನಡುವಿನ ಸಿಮೆಂಟ್ ಇದ್ದ ಹಾಗೆ.
– ಕೆಲವು ಕೋಶಗಳು ಸುರಿಸುವ ಸೂಕ್ಷ್ಮಾಣುನಾಶಕ ಪ್ರೋಟೀನುಗಳು.
– ಗೋಡೆಯ ಹಿಂದೆ ರಕ್ಷಣಾ ಕೋಶಗಳು. ಇವುಗಳಲ್ಲಿ ಕೆಲವು ಹೋರಾಡುತ್ತವೆ, ಕೆಲವು "ಸಾಕು, ನಿಲ್ಲಿಸಿ" ಎಂದು ಹೋರಾಟವನ್ನು ತಣ್ಣಗಾಗಿಸುತ್ತವೆ.

ಈ ಗೋಡೆ ಕೆಲವೇ ದಿನಗಳಿಗೊಮ್ಮೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ನಾವು ಇಂದು ತಿನ್ನುವುದರ ಮೇಲೆ ಮುಂದಿನ ವಾರದ ಗೋಡೆ ನಿಂತಿದೆ. ನಾವು ಜೀರ್ಣಿಸಲಾಗದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಅದೇ ಮುಖ್ಯ ಇಂಧನ, ಉರಿಯೂತವನ್ನು ತಣಿಸುವುದೂ ಅದೇ. ನಾರು ಸಿಗದಿದ್ದರೆ? 2016ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಹಸಿದ ಬ್ಯಾಕ್ಟೀರಿಯಾ ಕರುಳಿನ ಲೋಳೆಯ ಪದರವನ್ನೇ ತಿಂದು ತೆಳುವಾಗಿಸಿದವು.

2007ರಲ್ಲಿ ಪ್ಯಾಟ್ರಿಸ್ ಕಾನಿ ಮತ್ತು ಸಂಗಡಿಗರು ಇಲಿಗಳಿಗೆ ನಾಲ್ಕು ವಾರ ಅತಿ ಕೊಬ್ಬಿನ ಆಹಾರ ಕೊಟ್ಟರು. ಬ್ಯಾಕ್ಟೀರಿಯಾದ ಹೊರಕವಚದ ವಿಷಾಂಶ ಅವುಗಳ ರಕ್ತದಲ್ಲಿ ಎರಡರಿಂದ ಮೂರು ಪಟ್ಟು ಏರಿತು, ಜೊತೆಗೇ ಉರಿಯೂತವೂ ತೂಕವೂ ಏರಿದವು. ಮನುಷ್ಯರಲ್ಲಿ ಈ ಸೋರಿಕೆ ಇಷ್ಟು ಸರಳವಾಗಿ ಕಾಣುವುದಿಲ್ಲ. ಆದರೂ ದಿಕ್ಕು ಸ್ಪಷ್ಟವಿದೆ: ನಾರು ಕಡಿಮೆ, ಕರಿದದ್ದು ಹೆಚ್ಚು ಆದಾಗ ಗೋಡೆ ಸಡಿಲವಾಗುತ್ತದೆ, ಹೊಟ್ಟೆಯ ಕೆಂಡಕ್ಕೆ ಗಾಳಿ ಬೀಸಿದಂತಾಗುತ್ತದೆ.

*4. ಇಲ್ಲಿ ವಿಟಮಿನ್ ಡಿ ಕೆಲಸವೇನು?*

ಹೆಸರು ವಿಟಮಿನ್, ಕೆಲಸ ಹಾರ್ಮೋನಿನದು. ಚರ್ಮದಲ್ಲಿರುವ ಕೊಲೆಸ್ಟರಾಲ್ ಜಾತಿಯ ಒಂದು ವಸ್ತುವಿನ ಮೇಲೆ ಬಿಸಿಲಿನ ಅತಿನೇರಳೆ-ಬಿ ಕಿರಣ ಬಿದ್ದಾಗ ಇದು ಹುಟ್ಟುತ್ತದೆ. ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಇನ್ನೊಮ್ಮೆ ಬದಲಾಗಿ ಕೆಲಸಕ್ಕೆ ಸಿದ್ಧವಾಗುತ್ತದೆ. ರಿಪೋರ್ಟಿನಲ್ಲಿ ಬರುವ '25 ಹೈಡ್ರಾಕ್ಸಿ ವಿಟಮಿನ್ ಡಿ' ಎಂಬುದು ಯಕೃತ್ತಿನ ಹಂತದ ರೂಪ.

ಇದರ ಮೊದಲ ಕೆಲಸ ಆಹಾರದ ಕ್ಯಾಲ್ಸಿಯಂ ಅನ್ನು ಕರುಳಿನಿಂದ ಎಳೆದುಕೊಳ್ಳುವುದು. ಜೊತೆಗೆ ಕರುಳಿನ ಕೋಶಗಳಲ್ಲೂ ರಕ್ಷಣಾ ಕೋಶಗಳಲ್ಲೂ ಇದರ ಗ್ರಾಹಕಗಳಿವೆ. ಬೆಸುಗೆಯ ಪ್ರೋಟೀನುಗಳನ್ನು ಸರಿಯಾಗಿಡಲು, ಅತಿರೇಕದ ಹೋರಾಟವನ್ನು ತಣಿಸಲು ಇದು ನೆರವಾಗುತ್ತದೆ. 2006ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಇನ್ನೊಂದು ಸಂಗತಿ ಕಂಡರು: ಕ್ಷಯದ ಸೂಕ್ಷ್ಮಾಣುವನ್ನು ಎದುರಿಸುವ ನಮ್ಮ ಕೋಶಗಳು ಕ್ಯಾಥೆಲಿಸಿಡಿನ್ ಎಂಬ ಅಸ್ತ್ರ ತಯಾರಿಸಲು ಸಾಕಷ್ಟು ವಿಟಮಿನ್ ಡಿ ಬೇಕು.

ಅಂದರೆ ಕೊರತೆ ಇರುವ ದೇಹದಲ್ಲಿ ಕರುಳಿನ ಕಾವಲುಗಾರರಿಗೆ ಸಂಬಳ ಬಾಕಿ ಇದ್ದಂತೆ. ಕೆಲಸ ನಡೆಯುತ್ತದೆ, ಚುರುಕು ಇರುವುದಿಲ್ಲ. ಬಾಕಿ ತೀರಿಸಬೇಕು. ಆದರೆ ಸಂಬಳ ಹತ್ತು ಪಟ್ಟು ಕೊಟ್ಟರೆ ಕಾವಲು ಹತ್ತು ಪಟ್ಟಾಗುವುದಿಲ್ಲ.

*5. ಕೋಳಿ ಮೊದಲೋ ಮೊಟ್ಟೆ ಮೊದಲೋ?*

ಬೊಜ್ಜು ಇರುವವರಲ್ಲಿ ವಿಟಮಿನ್ ಡಿ ಕಡಿಮೆ ಇರುತ್ತದೆ ಎಂಬುದು ಹಳೆಯ ಮಾತು. ಹಾಗಾದರೆ ಡಿ ಕಡಿಮೆಯಾದ್ದರಿಂದ ದಪ್ಪಗಾದರೇ, ದಪ್ಪಗಾದ್ದರಿಂದ ಡಿ ಕಡಿಮೆಯಾಯಿತೇ? ಮೂರು ಪುರಾವೆ ನೋಡಿ.

*ಮೊದಲನೆಯದು, 2000ನೇ ಇಸವಿ.* ಬೊಜ್ಜು ಇರುವ ಮತ್ತು ಇಲ್ಲದ ಜನರಿಗೆ ಒಂದೇ ಪ್ರಮಾಣದ ಅತಿನೇರಳೆ ಕಿರಣ ಕೊಟ್ಟರು. ಚರ್ಮದ ಕಚ್ಚಾವಸ್ತು ಇಬ್ಬರಲ್ಲೂ ಸಮನಾಗಿತ್ತು. ಆದರೆ ರಕ್ತದಲ್ಲಿ ವಿಟಮಿನ್ ಡಿ ಏರಿದ್ದು ಬೊಜ್ಜಿನವರಲ್ಲಿ 57 ಶೇಕಡಾ ಕಡಿಮೆ. ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್. ದೊಡ್ಡ ಕೊಬ್ಬಿನ ಉಗ್ರಾಣ ಅದನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ, ರಕ್ತಕ್ಕೆ ಕಡಿಮೆ ಬಿಡುತ್ತದೆ.

*ಎರಡನೆಯದು, 2013.* ಡಾ. ಕರಣಿ ವಿಮಲೇಶ್ವರನ್ ಮತ್ತು ಸಂಗಡಿಗರು 42 ಸಾವಿರಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ಪರಿಶೀಲಿಸಿದರು. ಹುಟ್ಟಿನಿಂದ ಬಂದ ವಂಶವಾಹಿಯನ್ನು ನಮ್ಮ ಅಭ್ಯಾಸ ಬದಲಿಸುವುದಿಲ್ಲ, ಹಾಗಾಗಿ ಕಾರಣ-ಪರಿಣಾಮ ಬೇರ್ಪಡಿಸಲು ಅದು ಒಳ್ಳೆಯ ಸಾಕ್ಷಿ. ಬಿಎಂಐ 10 ಶೇಕಡಾ ಹೆಚ್ಚಾದರೆ ವಿಟಮಿನ್ ಡಿ ಸುಮಾರು 4 ಶೇಕಡಾ ಇಳಿಯುತ್ತದೆ ಎಂದು ಕಂಡಿತು. ತಿರುಗಿಸಿ ನೋಡಿದಾಗ, ಡಿ ಕಡಿಮೆಯಾಗುವ ವಂಶವಾಹಿ ಇದ್ದವರು ದಪ್ಪಗಾಗುತ್ತಾರೆ ಎಂಬುದಕ್ಕೆ ಬಲ ಸಿಗಲಿಲ್ಲ.

*ಮೂರನೆಯದು, ಮಾತ್ರೆ ಕೊಟ್ಟು ನೋಡಿದ ಪ್ರಯೋಗಗಳು.* 2019ರಲ್ಲಿ ಮಧುಮೇಹದ ಅಂಚಿನಲ್ಲಿದ್ದ 2,423 ಜನರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 4,000 ಯುನಿಟ್ ಡಿ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟ ಪ್ರಯೋಗ ಪ್ರಕಟವಾಯಿತು. ಮಧುಮೇಹ ಬಂದದ್ದು ಡಿ ಗುಂಪಿನಲ್ಲಿ 293 ಜನರಿಗೆ, ಇನ್ನೊಂದರಲ್ಲಿ 323 ಜನರಿಗೆ. ನಿರ್ಣಾಯಕ ಎನ್ನುವಷ್ಟು ವ್ಯತ್ಯಾಸವಿಲ್ಲ. ಇಂಥ ಮೂರು ಪ್ರಯೋಗಗಳನ್ನು 2023ರಲ್ಲಿ ಒಟ್ಟುಗೂಡಿಸಿದಾಗ ಸುಮಾರು 15 ಶೇಕಡಾ ಲಾಭ ಕಂಡಿತು. ಹಾಗಾಗಿ ಮಧುಮೇಹದ ಅಂಚಿನಲ್ಲಿರುವವರಿಗೆ ಆಹಾರ-ವ್ಯಾಯಾಮದ ಜೊತೆಗೆ ವೈದ್ಯರು ಡಿ ಕೊಡಬಹುದು. ಆದರೆ ಅದು ಜೊತೆಗಾರ, ಯಜಮಾನ ಅಲ್ಲ.

ಅಮೆರಿಕದಲ್ಲಿ 25,871 ಜನರ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ, ದಿನಕ್ಕೆ 2,000 ಯುನಿಟ್‌ನಂತೆ ನಡೆದ ದೊಡ್ಡ ಪ್ರಯೋಗದಲ್ಲಿ ಹೃದ್ರೋಗವೂ ಕ್ಯಾನ್ಸರೂ ಕಡಿಮೆಯಾಗಲಿಲ್ಲ. ದೇಹದ ರಕ್ಷಣಾ ಪಡೆ ತನ್ನನ್ನೇ ಹೊಡೆಯುವ ಸ್ವಯಂನಿರೋಧಕ ಕಾಯಿಲೆಗಳು ಮಾತ್ರ 22 ಶೇಕಡಾ ಕಡಿಮೆ ಕಂಡವು. ತೂಕ ಹೆಚ್ಚಿದ್ದವರ ರಕ್ತದಲ್ಲಿ ಅದೇ ಮಾತ್ರೆಯಿಂದ ಡಿ ಏರಿದ್ದೂ ಕಡಿಮೆ.

ಮೂರನ್ನೂ ಸೇರಿಸಿ ಓದಿ. ರಿಪೋರ್ಟಿನ ಆ ಕಡಿಮೆ ಅಂಕಿ ಅನೇಕ ಬಾರಿ ಹೊಟ್ಟೆಯ ಬೊಜ್ಜು ಕಳಿಸಿದ ಪತ್ರ. ಪತ್ರವನ್ನು ಹರಿದು ಹಾಕಿದರೆ ಕಳಿಸಿದವನು ಎಲ್ಲಿಯೂ ಹೋಗುವುದಿಲ್ಲ.

*6. ಬಿಸಿಲೂರಿನಲ್ಲಿ ಬಿಸಿಲಿನ ಕೊರತೆ ಹೇಗೆ?*

ಬೊಜ್ಜು ಒಂದು ಕಾರಣ. ಇನ್ನೊಂದು ಕಾರಣ, ಬಿಸಿಲು ಇದ್ದರೂ ನಾವು ಅದರಲ್ಲಿ ಇರುವುದಿಲ್ಲ. ಮನೆಯಲ್ಲಿ ಕೂಲರ್, ಆಫೀಸಿನಲ್ಲಿ ಎಸಿ, ಸ್ಕೂಟರ್ ಮೇಲೆ ಮುಖಕ್ಕೆ ದುಪಟ್ಟಾ, ಕೈಗೆ ಗ್ಲೌಸ್. ನಾಗಪುರದ ಉರಿಯಲ್ಲಿ ಇದು ತಪ್ಪಲ್ಲ, ಅನಿವಾರ್ಯ. ಗಾಜಿನ ಕಿಟಕಿಯೊಳಗೆ ಬೀಳುವ ಬಿಸಿಲಿನಿಂದ ಡಿ ಹುಟ್ಟುವುದಿಲ್ಲ, ಗಾಜು ಬೇಕಾದ ಕಿರಣವನ್ನೇ ತಡೆಯುತ್ತದೆ. ನಮ್ಮ ಗೋಧಿ-ಕಪ್ಪು ಬಣ್ಣದ ಚರ್ಮಕ್ಕೆ ಸಮಯವೂ ಹೆಚ್ಚು ಬೇಕು.

"ಬೆಳಗಿನ ಎಳೆ ಬಿಸಿಲಿನಲ್ಲಿ ಡಿ ಸಿಗುತ್ತದೆ" ಎಂಬ ನಂಬಿಕೆ ಇದೆ. ಎಳೆ ಬಿಸಿಲು ಮನಸ್ಸಿಗೆ, ನಿದ್ದೆಗೆ ಒಳ್ಳೆಯದು. ಡಿ ಮಾತ್ರ ತೀರಾ ಕಡಿಮೆ. ತಿರುಪತಿಯಲ್ಲಿ ಡಾ. ಸಿ.ವಿ. ಹರಿನಾರಾಯಣ್ ಮತ್ತು ಸಂಗಡಿಗರು ಅಳೆದಾಗ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗಿನ ಬಿಸಿಲಿನಲ್ಲಿ ಡಿ ಚೆನ್ನಾಗಿ ತಯಾರಾಗುತ್ತಿತ್ತು. ಆದರೆ ನಾಗಪುರದ ಮೇ ತಿಂಗಳಲ್ಲಿ ಆ ಹೊತ್ತಿಗೆ ಹೊರಗೆ ನಿಂತರೆ ಡಿ ಬದಲು ಬಿಸಿಲಾಘಾತ ಸಿಗುತ್ತದೆ!

ಇದಕ್ಕೆ *ನೆರಳಿನ ಲೆಕ್ಕ* ಇಟ್ಟುಕೊಳ್ಳಿ: ನಿಮ್ಮ ನೆರಳು ನಿಮಗಿಂತ ಚಿಕ್ಕದಾದಾಗ ಡಿ ತಯಾರಾಗುವ ಬಿಸಿಲು. ನಮ್ಮೂರಿನ ಅಕ್ಷಾಂಶ ಸುಮಾರು 21 ಡಿಗ್ರಿ, ಅದಕ್ಕೆ ತಕ್ಕಂತೆ:

– *ಏಪ್ರಿಲ್, ಮೇ:* ಬೆಳಿಗ್ಗೆ 9 ಕಳೆದರೆ ಸಾಕು, ನೆರಳು ಚಿಕ್ಕದಾಗುತ್ತದೆ. ಮೇ ಕೊನೆಯ ವಾರದಲ್ಲಿ ಒಂದು ದಿನ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆರಳು ಕಾಲಡಿಗೇ ಸರಿಯುತ್ತದೆ. 9ರಿಂದ 9:30ರೊಳಗೆ ಮುಗಿಸಿ ಒಳಗೆ ಬನ್ನಿ. ಉಷ್ಣ ಅಲೆಯ ಎಚ್ಚರಿಕೆ ಇದ್ದ ದಿನ ಅದೂ ಬೇಡ.
– *ಮಾರ್ಚ್, ಅಕ್ಟೋಬರ್:* 10ರ ಹೊತ್ತು.
– *ನವೆಂಬರ್:* 11ರಿಂದ 1ರ ನಡುವೆ.
– *ಡಿಸೆಂಬರ್:* ಮಧ್ಯಾಹ್ನ 12ರ ಆಸುಪಾಸು ಮಾತ್ರ. ಆಗಲೂ ನೆರಳು ಹೆಚ್ಚುಕಡಿಮೆ ನಿಮ್ಮಷ್ಟೇ ಉದ್ದ. ಆದರೆ ಬಿಸಿಲು ಹಿತವಾಗಿರುತ್ತದೆ, ಟೆರೇಸಿನ ಮೇಲೆ ಊಟ ಮಾಡಿ.

ಮುಖ, ತೋಳು, ಮೊಣಕಾಲ ಕೆಳಗಿನ ಭಾಗಕ್ಕೆ 20ರಿಂದ 30 ನಿಮಿಷ, ವಾರಕ್ಕೆ ಮೂರು-ನಾಲ್ಕು ದಿನ. ಚರ್ಮ ಉರಿಯುವ ಮೊದಲೇ ನೆರಳಿಗೆ ಬನ್ನಿ.

*7. ಪುಡಿ ಪ್ಯಾಕೆಟ್: ಇಲ್ಲಿ ಜೀವದ ಪ್ರಶ್ನೆ ಇದೆ*

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ಐಸಿಎಂಆರ್-ಎನ್‌ಐಎನ್ 2020ರ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ ಬೇಕಾದ ವಿಟಮಿನ್ ಡಿ 600 ಯುನಿಟ್. ಔಷಧದಂಗಡಿಯ ಒಂದು ಪುಡಿ ಪ್ಯಾಕೆಟ್ಟಿನಲ್ಲಿ ಇರುವುದು 60,000 ಯುನಿಟ್. ಅಂದರೆ *ಒಂದು ಪ್ಯಾಕೆಟ್ = 100 ದಿನದ ಪ್ರಮಾಣ*. ಕೊರತೆ ಇದ್ದಾಗ ವೈದ್ಯರು ಇದನ್ನು ವಾರಕ್ಕೊಂದರಂತೆ ಕೆಲವು ವಾರ ಕೊಟ್ಟು ನಿಲ್ಲಿಸುತ್ತಾರೆ ಅಥವಾ ಪ್ರಮಾಣ ಇಳಿಸುತ್ತಾರೆ. "ವಾರಕ್ಕೊಂದು" ಎಂದದ್ದನ್ನು "ದಿನಕ್ಕೊಂದು" ಎಂದು ಕೇಳಿಸಿಕೊಂಡರೆ, ನಿಲ್ಲಿಸಬೇಕಾದ್ದನ್ನು ವರ್ಷಗಟ್ಟಲೆ ಮುಂದುವರಿಸಿದರೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಇದು ಕೇವಲ ಹೆದರಿಕೆಯ ಮಾತಲ್ಲ; 2011ರಲ್ಲೇ ಕಾಶ್ಮೀರದ ವೈದ್ಯರು ಡಿ ಅತಿಯಾಗಿ ವಿಷವಾದ ಪ್ರಕರಣಗಳನ್ನು ವರದಿ ಮಾಡಿದ್ದಾರೆ.

*ಎಚ್ಚರಿಕೆಯ ಲಕ್ಷಣ:* ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಮಲಬದ್ಧತೆ, ಮಂಕು. ಪುಡಿ ತೆಗೆದುಕೊಳ್ಳುತ್ತಿರುವವರಲ್ಲಿ ಇವು ಕಂಡರೆ ಪುಡಿ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿ. ಮನೆಯ ಹಿರಿಯರ ಔಷಧದ ಡಬ್ಬಿಯನ್ನು ಇಂದೇ ಒಮ್ಮೆ ತೆಗೆದು ನೋಡಿ. ಇಬ್ಬರು ವೈದ್ಯರು ಬೇರೆ ಬೇರೆ ಹೆಸರಿನಲ್ಲಿ ಅದನ್ನೇ ಬರೆದಿರಬಹುದು.

ರಿಪೋರ್ಟಿನಲ್ಲಿ ಮಿಲಿಲೀಟರ್‌ಗೆ 20 ನ್ಯಾನೋಗ್ರಾಂಗಿಂತ ಮೇಲಿದ್ದರೆ ಹೆಚ್ಚಿನವರ ಮೂಳೆಗೆ ಸಾಕು, 12ಕ್ಕಿಂತ ಕೆಳಗಿದ್ದರೆ ಸ್ಪಷ್ಟ ಕೊರತೆ. ಬೊಜ್ಜು ಇರುವವರಿಗೆ ಎರಡು-ಮೂರು ಪಟ್ಟು ಪ್ರಮಾಣ ಬೇಕಾಗಬಹುದು, ಅದನ್ನು ವೈದ್ಯರೇ ನಿರ್ಧರಿಸಬೇಕು. ಮೂತ್ರಪಿಂಡದ ಕಲ್ಲು, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆ, ಕ್ಷಯ, ಮೂರ್ಛೆರೋಗದ ಔಷಧ, ಬೊಜ್ಜಿನ ಶಸ್ತ್ರಚಿಕಿತ್ಸೆ, ದೀರ್ಘಕಾಲದ ಭೇದಿ ಇದ್ದವರು ಸ್ವಂತ ಬುದ್ಧಿಯಿಂದ ಪುಡಿ ಮುಟ್ಟಲೇಬೇಡಿ.

*8. ತಟ್ಟೆಯಲ್ಲಿ ಏನಿರಲಿ?*

ದಿನಕ್ಕೆ 30 ಗ್ರಾಂ ಆಸುಪಾಸು ನಾರು ಗುರಿ ಇರಲಿ. ಅದಕ್ಕೆ ವಿದೇಶಿ ಬೀಜ ಬೇಕಿಲ್ಲ, ಊರಿಂದ ತಂದದ್ದೂ ಇಲ್ಲಿ ಸಿಗುವುದೂ ಸಾಕು.

– *ಜೋಳದ ರೊಟ್ಟಿ, ರಾಗಿ ಮುದ್ದೆ:* ವಿದರ್ಭದ ಜೋಳದ ಭಕ್ರಿಯೂ ನಮ್ಮ ರೊಟ್ಟಿಯೂ ಅಕ್ಕತಂಗಿಯರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಡಿ ಎಳೆದುಕೊಳ್ಳಬೇಕಾದದ್ದು ಅದನ್ನೇ.
– *ಹೆಸರುಬೇಳೆ ಕೋಸಂಬರಿ, ಮೊಳಕೆ ಕಾಳಿನ ಪಲ್ಯ, ಸೊಪ್ಪಿನ ಹುಳಿ:* ಪ್ರೋಟೀನು, ನಾರು ಎರಡೂ.
– *ಮಜ್ಜಿಗೆ, ಮೊಸರು:* ದಿನವೂ.
– *ಕಿತ್ತಳೆ:* ನಾಗಪುರದ ಹೆಮ್ಮೆ. ಇದರಲ್ಲಿ ಇರುವುದು ವಿಟಮಿನ್ ಸಿ, ಡಿ ಅಲ್ಲ. ತೊಳೆ ತಿನ್ನಿ, ಜ್ಯೂಸ್ ಬೇಡ. ಸಂತ್ರಾ ಬರ್ಫಿಯನ್ನು ಹಣ್ಣಿನ ಲೆಕ್ಕಕ್ಕೆ ಸೇರಿಸಬೇಡಿ!
– *ಡಿಗಾಗಿ:* ಮೊಟ್ಟೆಯ ಹಳದಿ, ಮೀನು ತಿನ್ನುವವರಿಗೆ ಭೂತಾಯಿ, ಬಂಗುಡೆ. ಒಂದು ಮೊಟ್ಟೆಯಲ್ಲಿ ಸುಮಾರು 40 ಯುನಿಟ್ ಮಾತ್ರ. ಸಸ್ಯಾಹಾರಿಗಳು ಡಿ ಸೇರಿಸಿದ, 'ಎಫ್' ಗುರುತಿನ ಹಾಲು, ಎಣ್ಣೆಯನ್ನು ನೋಡಿ ಕೊಳ್ಳಿ.
– *ವಾರಕ್ಕೊಮ್ಮೆ ಸಾಕು:* ತರ್ರಿ ಪೋಹೆ, ಸಮೋಸಾ, ಮೈದಾದ ಬಿಸ್ಕೆಟ್, ಸಕ್ಕರೆ ಪಾನೀಯ.

ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ವಾರದಲ್ಲಿ ನಿಧಾನವಾಗಿ ಏರಿಸಿ, ನೀರು ಸಾಕಷ್ಟು ಕುಡಿಯಿರಿ. ದಿನಕ್ಕೆ 30–40 ನಿಮಿಷ ಬಿರುಸಿನ ನಡಿಗೆ ಸೇರಿಸಿ. ನಡಿಗೆಯ ಒಂದು ಪಾಲು ನೆರಳು ಚಿಕ್ಕದಾಗುವ ಹೊತ್ತಿಗೆ ಬಿದ್ದರೆ ಎರಡೂ ಕೆಲಸ ಒಟ್ಟಿಗೆ ಆಯಿತು. ತೂಕ ಇಳಿದಂತೆ ರಕ್ತದಲ್ಲಿ ಡಿ ತಾನಾಗಿಯೇ ಸ್ವಲ್ಪ ಏರುತ್ತದೆ ಎಂಬುದೂ ನೆನಪಿರಲಿ.

*9. ಸಾಮಾನ್ಯ ಪ್ರಶ್ನೆಗಳು*

*ಆರೋಗ್ಯವಾಗಿರುವವರು ಪ್ರತಿ ವರ್ಷ ಡಿ ಪರೀಕ್ಷೆ ಮಾಡಿಸಬೇಕೇ?* ಬೇಡ. 2024ರಲ್ಲಿ ಅಮೆರಿಕದ ಎಂಡೋಕ್ರೈನ್ ಸೊಸೈಟಿ ಆರೋಗ್ಯವಂತ ವಯಸ್ಕರಿಗೆ ವಾಡಿಕೆಯ ಪರೀಕ್ಷೆ ಬೇಡ ಎಂದಿದೆ. ಮೂಳೆ ನೋವು, ತೊಡೆಯಲ್ಲಿ ಶಕ್ತಿ ಇಲ್ಲದೆ ಕುಳಿತಲ್ಲಿಂದ ಏಳಲು ಕಷ್ಟ, ಸಣ್ಣ ಪೆಟ್ಟಿಗೆ ಮೂಳೆ ಮುರಿತ ಇದ್ದರೆ ಮಾಡಿಸಿ.

*ಪುಡಿಯನ್ನು ಯಾವಾಗ ತೆಗೆದುಕೊಳ್ಳಬೇಕು?* ವೈದ್ಯರು ಬರೆದಿದ್ದರೆ ಊಟದ ನಂತರ. ಊಟದ ಎಣ್ಣೆ-ತುಪ್ಪದ ಜೊತೆ ಚೆನ್ನಾಗಿ ಹೀರಿಕೊಳ್ಳುತ್ತದೆ.

*ಅಜ್ಜಿಗೆ ಬರೆದದ್ದನ್ನು ಮೊಮ್ಮಗನಿಗೆ ಕೊಡಬಹುದೇ?* ಖಂಡಿತ ಬೇಡ. ಮಕ್ಕಳ ಪ್ರಮಾಣ ಬೇರೆ.

*ಈ ವಾರದ ಮನೆಪಾಠ*

1. ಮನೆಯ ಎಲ್ಲ ವಯಸ್ಕರ ಸೊಂಟ ಅಳೆದು ಕ್ಯಾಲೆಂಡರಿನ ಮೇಲೆ ಬರೆಯಿರಿ. ಮೂರು ತಿಂಗಳ ನಂತರ ಮತ್ತೆ ಅಳೆಯಿರಿ.
2. ಟೆರೇಸಿನಲ್ಲಿ 9, 10, 12 ಗಂಟೆಗೆ ನಿಮ್ಮ ನೆರಳು ನೋಡಿ ನಿಮ್ಮ ಹೊತ್ತನ್ನು ಗುರುತಿಸಿ. ಮಕ್ಕಳನ್ನೂ ಸೇರಿಸಿಕೊಳ್ಳಿ.
3. ಒಂದು ಹೊತ್ತಿನ ಅನ್ನ ಅಥವಾ ಮೈದಾ ತಿಂಡಿಯ ಬದಲು ಜೋಳ ಅಥವಾ ರಾಗಿ, ಜೊತೆಗೆ ಒಂದು ಬಟ್ಟಲು ಕೋಸಂಬರಿ.
4. ಔಷಧದ ಡಬ್ಬಿಯಲ್ಲಿ ಎಷ್ಟು ಪುಡಿ ಪ್ಯಾಕೆಟ್ ಇವೆ, ಯಾರು ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದಾರೆ ಎಂದು ಬರೆದು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ.

ಈ ಲೇಖನ ತಿಳಿವಳಿಕೆಗಾಗಿ, ವೈದ್ಯರ ಸಲಹೆಗೆ ಬದಲಿ ಅಲ್ಲ. ಉಪಯುಕ್ತ ಎನಿಸಿದರೆ ನಿಮ್ಮ ಕುಟುಂಬದ ಗುಂಪಿಗೆ ಕಳಿಸಿ, ಅದರಲ್ಲೂ ಪುಡಿಯನ್ನೇ ನಂಬಿ ಕುಳಿತವರಿಗೆ.

*ಮುಂದಿನ ಲೇಖನ:* ಕುಡಿಯದವರಿಗೂ ಕೊಬ್ಬಿದ ಯಕೃತ್ತು ಏಕೆ?

ಸರ್ವೇ ಜನಾಃ ಸುಖಿನೋ ಭವಂತು.